ಅತ್ತೆ ಕೊಡುವ ಮೆಟ್ಟಿಲು

ನಮ್ಮ ಬೇಕರಿಯಲ್ಲಿ ಮಧ್ಯಾಹ್ನದ ಹಿಟ್ಟು ಉಬ್ಬುವ ಹೊತ್ತಿಗೆ ಆಟ ನಡೆಯುತ್ತದೆ. ಮಾವ ಹಿಟ್ಟು ನಾದಿ, ತೊಟ್ಟಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿದರೆಂದರೆ ಅದು ಅಂಚಿಗೆ ಬರುವ ತನಕ ಯಾರಿಗೂ ಹೇಳಿಕೊಳ್ಳುವ ಕೆಲಸವಿರುವುದಿಲ್ಲ. ಅಂಗಡಿಯ ಮುಂಬಾಗಿಲನ್ನು ಅರ್ಧ ಎಳೆದು, ಹಿಂದಿನ ಕೋಣೆಯ ದೊಡ್ಡ ಮೇಜನ್ನು ಒರೆಸಿ, ನಾವು ನಾಲ್ಕು ಜನ ಸುತ್ತ ಕೂರುತ್ತೇವೆ. ಚಳಿಗಾಲದಲ್ಲಿ ಹಿಟ್ಟು ನಿಧಾನಕ್ಕೆ ಏಳುತ್ತದೆ, ಆಗ ನಮ್ಮ ಕಥೆ ಉದ್ದ. ಬೇಸಿಗೆಯಲ್ಲಿ ಕಥೆಯೊಳಗಿನ ಒಂದು ಬಾಗಿಲು ತೆರೆಯುವುದರೊಳಗೆ ಮಾವ ಬಟ್ಟೆ ಎತ್ತಿ ನೋಡಿ ಎದ್ದುಬಿಡುತ್ತಾರೆ. ಬಾಗಿಲ ಹಿಂದೆ ಏನಿತ್ತು ಎಂಬುದು ಮರುದಿನಕ್ಕೆ.

ಆಟ ನಡೆಸುವವರು ಅತ್ತೆ. ಬೆಳಿಗ್ಗೆಯಿಂದ ಗಲ್ಲೆಯ ಹಿಂದೆ ಕೂತು, ಯಾವುದು ಬೇಕು, ಎಷ್ಟು ಬೇಕು ಎಂದು ಕೇಳುವುದನ್ನು ಬಿಟ್ಟರೆ ಹೆಚ್ಚು ಮಾತಾಡದ ಹೆಂಗಸು. ಮೇಜಿನ ತುದಿಗೆ ಬಂದು ಕೂತರೆ ಒಂದು ದೇಶವೇ ಅವರ ಬಾಯಿಂದ ಇಳಿಯುತ್ತದೆ. ಆ ದೇಶದ ಕಾಡು, ಕೋಟೆ, ಕಳ್ಳರು, ಅಂಗಡಿಯವರು, ನಾಯಿಗಳು, ಎಲ್ಲಕ್ಕೂ ದನಿ ಅವರದೇ. ನಾವು ಮಿಕ್ಕ ಮೂವರು ಆ ದೇಶದಲ್ಲಿ ಅಲೆಯುವ ಮೂರು ಮಂದಿ. ಅತ್ತೆ ಎದುರಾದದ್ದನ್ನು ಹೇಳಿ, ಈಗ ಏನು ಮಾಡ್ತೀರಿ ಎಂದು ಕೇಳುತ್ತಾರೆ. ನಾವು ಹೇಳಬೇಕು. ಆಗುವುದೋ ಇಲ್ಲವೋ ಎಂಬ ಅನುಮಾನವಿದ್ದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಗೆದ್ದವರು ಸೋತವರು ಎಂದು ಇದರಲ್ಲಿ ಇಲ್ಲ. ಇರುವುದು ಬೆಳೆಯುವುದು ಮಾತ್ರ. ಬೆಳವಣಿಗೆಗೆ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲು ಏರಿದಾಗಲೂ ನಮ್ಮ ಮನುಷ್ಯನಿಗೆ ಒಂದು ಹೊಸ ಶಕ್ತಿ ಬರುತ್ತದೆ, ಇಲ್ಲವೇ ಇದ್ದದ್ದು ಗಟ್ಟಿಯಾಗುತ್ತದೆ.

ಮಾವ ನನ್ನ ಅಮ್ಮನ ತಮ್ಮ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಬ್ರೆಡ್ ಕತ್ತರಿಸಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಕರೆತಂದವರು. ಆಟದಲ್ಲಿ ಮಾವ ಮಂತ್ರವಾದಿ. ಮೂರನೆಯವರು ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸುವವರು. ಎಲ್ಲರಿಗೂ ಅವರು ಕ್ರೀಮಣ್ಣ. ರಕ್ತಸಂಬಂಧವೇನಿಲ್ಲ, ಆದರೂ ಅತ್ತೆಯನ್ನು ಅಕ್ಕ, ಮಾವನನ್ನು ಭಾವ ಎನ್ನುತ್ತಾರೆ. ಆಟದಲ್ಲಿ ಕಳ್ಳ. ನನ್ನನ್ನು ಅತ್ತೆ ಮಾವ ಪುಟ್ಟಿ ಎಂದರೆ, ಕ್ರೀಮಣ್ಣ ಮೌನಗೌರಿ ಎನ್ನುತ್ತಾರೆ. ಆಟದಲ್ಲಿ ನಾನು ಹಗ್ಗದವಳು. ಹೆಗಲ ಮೇಲೆ ಒಂದು ಸುರುಳಿ ಹಗ್ಗ, ಅಷ್ಟೇ ನನ್ನ ಆಸ್ತಿ.

ಆಟವನ್ನು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ನಕ್ಷೆ ಬರೆಯುವವನೊಬ್ಬ ಬಿಟ್ಟುಹೋದನಂತೆ. ದಾಳಗಳ ಜೊತೆ ನಿಯಮದ ಪುಸ್ತಕವೂ ಇತ್ತು. ಪುಸ್ತಕದ ಪ್ರಕಾರ ಶತ್ರುವನ್ನು ಕೊಂದರೆ ಅಂಕ, ಅಂಕ ತುಂಬಿದರೆ ಮೆಟ್ಟಿಲು. ಅತ್ತೆ ಅದನ್ನು ಓದಿ, ಅಂಕವನ್ನೇ ಕೈಬಿಟ್ಟರು. ಕೊಂದದ್ದಕ್ಕೆಲ್ಲ ಬಹುಮಾನ ಕೊಟ್ಟರೆ ಕೊನೆಗೆ ಕೊಲ್ಲುವುದೊಂದೇ ಕಲಿಯುತ್ತೀರಿ ಎಂದರಂತೆ. ಅವರ ಲೆಕ್ಕ ಬೇರೆ. ಕೈಯಲ್ಲಿರುವ ಶಕ್ತಿಯನ್ನು ಅವರಿಗೂ ಹೊಳೆಯದ ರೀತಿಯಲ್ಲಿ ನಾವು ಬಳಸಿದರೆ ಅವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಕೈ ಚಾಚಿ ನಮ್ಮ ರಟ್ಟನ್ನು ಎಳೆದುಕೊಳ್ಳುತ್ತಾರೆ. ಕೇಕಿನ ಡಬ್ಬಿಯ ರಟ್ಟು ಕತ್ತರಿಸಿ ಅದರ ಮೇಲೆ ನಮ್ಮ ನಮ್ಮ ಮನುಷ್ಯನ ವಿವರ ಬರೆದುಕೊಂಡಿರುತ್ತೇವೆ. ಅಲ್ಲಿ ಹಳೆಯ ಮೆಟ್ಟಿಲಿನ ಅಂಕಿ ಹೊಡೆದುಹಾಕಿ ಹೊಸದನ್ನು ಬರೆದು, ಏನೂ ಆಗಿಲ್ಲವೆಂಬಂತೆ ಕಥೆ ಮುಂದುವರಿಸುತ್ತಾರೆ.

ಮಾವನ ಮಂತ್ರವಾದಿಗೆ ಎಷ್ಟೋ ಚಳಿಗಾಲ ಕಳೆದರೂ ಇದ್ದದ್ದು ಬೆರಳ ತುದಿಯಲ್ಲಿ ಕಡಲೆ ಗಾತ್ರದ ಒಂದು ಕಿಡಿ. ಆ ಒಂದು ಕಿಡಿಯಲ್ಲಿ ಮಾವ ಮಾಡದ ಕೆಲಸವಿಲ್ಲ. ಒದ್ದೆ ಸೌದೆ ಹೊತ್ತಿಸಿದರು, ತೋಳವನ್ನು ಹೆದರಿಸಿದರು, ಗಾಯಕ್ಕೆ ಬರೆ ಹಾಕಿದರು. ಒಮ್ಮೆ ಅರಮನೆಯ ಪೆಟ್ಟಿಗೆಯ ಅರಗಿನ ಮುದ್ರೆಯನ್ನು ಹದವಾಗಿ ಕರಗಿಸಿ, ಒಳಗಿನದನ್ನು ನೋಡಿ, ಅದೇ ಅರಗನ್ನು ಅದೇ ಜಾಗಕ್ಕೆ ಕೂರಿಸಿದರು. ಅವತ್ತು ಅತ್ತೆ ಸುಮ್ಮನಾದರು. ಮೂರನೇ ಮೆಟ್ಟಿಲು ಅದಕ್ಕೆ ಸಿಕ್ಕಿದ್ದು. ಮಾವ ಸಂಜೆಯವರೆಗೂ ಬನ್ನಿನ ತಟ್ಟೆ ಓವನಿಗೆ ತಳ್ಳುತ್ತಾ ಸಿಳ್ಳೆ ಹಾಕುತ್ತಿದ್ದರು.

ನನ್ನ ಮೊದಲ ಮೆಟ್ಟಿಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಬಹಳ ಕಾಲ ಆಟದಲ್ಲಿ ಬಾಯೇ ಬಿಡಲಿಲ್ಲ. ನನ್ನ ಸರದಿ ಬಂದಾಗ ಅತ್ತೆ ಹಗ್ಗದವಳು ಏನು ಮಾಡ್ತಾಳೆ ಎಂದು ಕೇಳಿ, ಕಾಯುತ್ತಿದ್ದರು. ನಾನು ತಲೆ ತಗ್ಗಿಸಿದರೆ, ಹಗ್ಗ ಹಿಡ್ಕೊಂಡಿದ್ದಾಳೆ ಎಂದು ತಾವೇ ಹೇಳಿ ಮುಂದೆ ಹೋಗುತ್ತಿದ್ದರು. ಶಾಲೆಯಲ್ಲೂ ನನಗಾಗಿ ಕಾಯುತ್ತಿದ್ದರು, ಆದರೆ ಅದು ಇಡೀ ತರಗತಿ ತಿರುಗಿ ನೋಡುವಂತೆ ಕಾಯುವುದು. ಅತ್ತೆ ಕಾಯುತ್ತಿದ್ದದ್ದು ಹಾಲು ಉಕ್ಕುವುದನ್ನು ಕಾದ ಹಾಗೆ, ಅದು ತನ್ನಷ್ಟಕ್ಕೆ ಬರುತ್ತದೆ ಎಂಬ ನಂಬಿಕೆಯಲ್ಲಿ. ಒಂದು ದಿನ ಕಥೆಯಲ್ಲಿ ಕತ್ತಲೆಯ ಬಾವಿ ಬಂತು. ನೀರು ಎಷ್ಟು ಆಳ, ಇಳಿಯಬಹುದೋ ಬೇಡವೋ ಎಂದು ಮಾವ ಮತ್ತು ಕ್ರೀಮಣ್ಣ ಜಗಳಕ್ಕೇ ನಿಂತರು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎತ್ತಿದರೆ ಎಷ್ಟು ಉದ್ದ ನೆನೆದಿದೆ ಅಂತ ನೋಡಬಹುದಲ್ಲ ಎಂದೆ. ಹೇಳಿದ್ದು ಪಕ್ಕದಲ್ಲಿದ್ದ ಕ್ರೀಮಣ್ಣನಿಗೂ ಕೇಳಲಿಲ್ಲ. ಅತ್ತೆಯ ಕೈ ಮಾತ್ರ ನನ್ನ ರಟ್ಟಿನ ಕಡೆ ಬಂತು.

ಹೀಗೆ ನಡೆಯುತ್ತಿದ್ದ ಆಟಕ್ಕೆ ಗ್ರಹಚಾರ ಬಂದದ್ದು ಔಷಧಿ ಅಂಗಡಿಯವನಿಂದ. ರಸ್ತೆಯ ಆ ಬದಿಯ ಔಷಧಿ ಅಂಗಡಿಯ ಮಹಡಿಯಲ್ಲಿ ಅವನೂ ಇದೇ ಆಟದ ಒಂದು ಮೇಜು ಶುರು ಮಾಡಿದ, ರಜೆಯ ದಿನ ಕ್ರೀಮಣ್ಣ ಅಲ್ಲಿಗೆ ಹೋಗತೊಡಗಿದರು. ಅಲ್ಲಿ ಕೂತ ಪ್ರತಿ ಸಲವೂ ಒಂದು ಮೆಟ್ಟಿಲು ಗ್ಯಾರಂಟಿಯಂತೆ. ಬಂದು ಬಂದು ಅಲ್ಲಿನ ಪ್ರತಾಪ ಹೇಳುವುದೇ ಅವರ ಕೆಲಸವಾಯಿತು. ಅಲ್ಲಿ ಅವರ ಕಳ್ಳ ಗೋಡೆಯೊಳಗೇ ನಡೆದುಹೋಗುತ್ತಿದ್ದ, ರಾಜನ ಕಿರೀಟವನ್ನು ರಾಜನ ತಲೆಯ ಮೇಲಿರುವಾಗಲೇ ಕದ್ದಿದ್ದ. ಇಲ್ಲಿ ನೋಡಿದರೆ ಇನ್ನೂ ಬೀಗದ ತೂತಿನಲ್ಲಿ ತಂತಿ ತಿರುಗಿಸುತ್ತಾ ಕೂತಿದ್ದ.

"ಅಕ್ಕ, ನಿಮ್ಮ ಆಟದಲ್ಲಿ ಮೇಲೆ ಬರೋದ್ರೊಳಗೆ ನನಗೆ ಕೈ ನಡುಗೋ ವಯಸ್ಸಾಗುತ್ತೆ. ಆಮೇಲೆ ಕ್ರೀಮಿನ ಗುಲಾಬಿ ಎಲ್ಲಾ ಹೂಕೋಸೇ" ಎಂದರು.

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಆದರೆ ನಗುವಾಗ ಅವರ ಕಣ್ಣು ಮಾವನ ಕಡೆ ಹೋದದ್ದನ್ನು ನಾನು ನೋಡಿದೆ. ಮಾವ ತಮ್ಮ ರಟ್ಟನ್ನು ನೋಡಿಕೊಳ್ಳುತ್ತಾ, ನಿಜ ಹೇಳಬೇಕಂದ್ರೆ ಒಂದು ದೊಡ್ಡ ಮಂತ್ರ ಬಿಡಬೇಕು ಅಂತ ನನಗೂ ಆಸೆ ಇದೆ ಎಂದು ಗೊಣಗಿದರು. ಕ್ರೀಮಣ್ಣ ಅಲ್ಲಿಗೇ ಹೋಗಿಬಿಟ್ಟರೆ, ಹಿಂದೆಯೇ ಮಾವನೂ ಹೋದರೆ, ಉಳಿಯುವುದು ಅತ್ತೆ ಮತ್ತು ಬಾಯಿ ಬಿಡದ ನಾನು. ಅಷ್ಟಕ್ಕೆ ಒಂದು ದೇಶ ನಿಲ್ಲುವುದಿಲ್ಲ. ಅತ್ತೆ ಇಷ್ಟು ವರ್ಷ ತಾವೊಬ್ಬರೇ ಕಟ್ಟಿದ್ದು ಅದೊಂದನ್ನೇ. ಗಲ್ಲೆ ಮಾವನ ಅಪ್ಪ ಹಾಕಿಸಿದ್ದು, ಓವನ್ ಮಾವ ತಂದದ್ದು.

ಮರುದಿನದಿಂದ ಅತ್ತೆಯ ಕೈ ಸಡಿಲವಾಯಿತು. ನಾಲ್ಕನೇ ಮೆಟ್ಟಿಲು ಮಾವನಿಗೆ ಒಂದು ಡಕಾಯಿತನನ್ನು ಕೆಡವಿದ್ದಕ್ಕೇ ಬಂತು. ಐದನೆಯದು ಯಾಕೆ ಬಂತೆಂದು ನನಗೆ ಈಗಲೂ ಗೊತ್ತಿಲ್ಲ. ಹಿಟ್ಟು ಬೇಗ ಬೇಗ ಏಳುವ ಕಾಲ ಅದು. ಆ ಬೇಸಿಗೆ ಮುಗಿಯುವುದರೊಳಗೆ ಮಾವ, ಕ್ರೀಮಣ್ಣ, ನಾನು ಎಲ್ಲರೂ ಆರನೇ ಮೆಟ್ಟಿಲಲ್ಲಿ ನಿಂತಿದ್ದೆವು. ಅತ್ತೆ ರಟ್ಟು ಎಳೆದುಕೊಳ್ಳುವಾಗ ಮೊದಲಿನ ಹಾಗೆ ಸುಮ್ಮನಾಗುತ್ತಿರಲಿಲ್ಲ. ಗಿರಾಕಿಗೆ ಚಿಲ್ಲರೆ ಕೊಟ್ಟ ಹಾಗೆ ಕೊಡುತ್ತಿದ್ದರು. ಕ್ರೀಮಣ್ಣ ಖುಷಿಯಾದರು. ಔಷಧಿ ಅಂಗಡಿಯ ಸುದ್ದಿ ನಿಂತಿತು.

ಮಾವನಿಗೆ ಆರನೇ ಮೆಟ್ಟಿಲಲ್ಲಿ ಬಂದ ಶಕ್ತಿಯ ಹೆಸರು ಬೆಂಕಿಮಳೆ. ಹೆಸರು ಕೇಳಿಯೇ ಮಾವನ ಕೈ ತುರಿಸತೊಡಗಿತ್ತು.

ಈಗ ಸೇತುವೆಯ ಅಜ್ಜನ ಮಾತು ಬರಬೇಕು. ಕಥೆಯ ದೇಶದಲ್ಲಿ ಒಂದು ಕಣಿವೆ, ಅದರ ಮೇಲೆ ಮರದ ಹಲಗೆಯ ತೂಗುಸೇತುವೆ, ಅದನ್ನು ಕಾಯುವ ಒಬ್ಬ ಮುದುಕ. ದಾಟುವವರು ಸುಂಕವಾಗಿ ಒಂದು ಸುದ್ದಿ ಹೇಳಬೇಕು, ಬೇರೇನೂ ಬೇಡ. ಮಾತಿಗೊಮ್ಮೆ ಕೆಮ್ಮುತ್ತಿದ್ದರಿಂದ ಕ್ರೀಮಣ್ಣ ಅವನಿಗೆ ಕೆಮ್ಮಜ್ಜ ಎಂದು ಹೆಸರಿಟ್ಟಿದ್ದರು. ಅವನ ದನಿ ತೆಗೆಯುವಾಗ ಅತ್ತೆ ಎದೆಯ ಮೇಲೆ ಅಂಗೈ ಊರಿ, ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಅದು ಅತ್ತೆಯ ಅಪ್ಪನದೇ ಕೆಮ್ಮು, ಆ ಕೈ ಕೂಡ ಅವರದೇ ಎಂದು ಮಾವ ಹಿಟ್ಟು ನಾದುತ್ತಾ ಒಮ್ಮೆ ನನಗೆ ಹೇಳಿದ್ದರು. ಅವರು ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ಆ ಸೇತುವೆ ಬಂದಾಗಲೆಲ್ಲ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದೆವು.

ಅವತ್ತು ಅಜ್ಜ ಸೇತುವೆಯ ನಡುವೆ ಕೂತು ಒಂದು ಮುರಿದ ಹಲಗೆ ಬದಲಿಸುತ್ತಿದ್ದ. ಬೀಳದಿರಲಿ ಎಂದು ನಾನು ಅವನ ಸೊಂಟಕ್ಕೆ ನನ್ನ ಹಗ್ಗ ಕಟ್ಟಿ, ಈ ದಡದಲ್ಲಿ ಹಿಡಿದು ನಿಂತಿದ್ದೆ. ಆ ದಡದಲ್ಲಿ ಡಕಾಯಿತರ ಗುಂಪು ಬಂತು. ನಾಲ್ಕಾರು ಜನ, ಸುಸ್ತಾದವರು, ಕೈಯಲ್ಲಿ ತುಕ್ಕು ಹಿಡಿದ ಕತ್ತಿ. ಹಿಂದಿನ ಮಾವನಾಗಿದ್ದರೆ ಒಂದು ಕಿಡಿ ಹಾರಿಸಿ, ಎರಡು ಸುಳ್ಳು ಹೇಳಿ ಅವರನ್ನು ಅಟ್ಟುತ್ತಿದ್ದರು. ಈಗ ಕುರ್ಚಿಯಿಂದ ಎದ್ದೇ ನಿಂತು ಬೆಂಕಿಮಳೆ ಎಂದರು.

ಎಲ್ಲಿ ಬೀಳಬೇಕು ಎಂದು ಅತ್ತೆ ಕೇಳಿದರು. ಅವರ ಮೇಲೆ ಎಂದರು ಮಾವ.

"ಎಷ್ಟು ಅಗಲ ಬೀಳುತ್ತೆ, ಗೊತ್ತಾ ನಿಮಗೆ?"

"ಬೀಳಲಿ ಬಿಡೇ. ಮಳೆ ಅಂದ್ಮೇಲೆ ಅಗಲ ನೋಡ್ಕೊಂಡು ಬೀಳುತ್ತಾ?"

ದಾಳ ಉರುಳಿತು. ದೊಡ್ಡ ಅಂಕಿಯೇ ಬಿತ್ತು. ಮಾವ ಮೇಜು ಗುದ್ದಿದರು, ಕ್ರೀಮಣ್ಣ ಭಾವನ ಬೆನ್ನು ಗುದ್ದಿದರು. ಅತ್ತೆ ಆ ದಡದ ಡಕಾಯಿತರು ಏನಾದರೆಂದು ಹೇಳಲಿಲ್ಲ. ನನ್ನ ಕಡೆ ತಿರುಗಿದರು.

"ಪುಟ್ಟಿ, ನಿನ್ನ ಕೈಲಿ ಹಗ್ಗ ಹಗುರ ಆಯ್ತು."

ಮಾವ ಎದ್ದು ನಿಂತವರು ಹಾಗೇ ನಿಂತಿದ್ದರು. ಏನು ನಡೆಯಿತೆಂದು ಅವರಿಗೆ ಅರ್ಥವಾಗುತ್ತಿದ್ದ ಹಾಗೆ ಮುಖದ ಮೇಲಿನ ನಗು ಒಂದೊಂದೇ ಕಡೆಯಿಂದ ಆರಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಕ್ರೀಮಣ್ಣ ಮೆಲ್ಲಗೆ ಹೇಳಿ, ಹೇಳಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡರು. ಅವತ್ತು ಹಿಟ್ಟಿನ ಬಟ್ಟೆ ಎತ್ತಿ ನೋಡುವುದನ್ನು ಎಲ್ಲರೂ ಮರೆತೆವು. ಸಂಜೆಯ ಬ್ರೆಡ್ ತಡವಾಗಿ, ಹುಳಿಯಾಗಿ ಬಂತು; ಕೊಂಡವರು ಮುಖ ಸಿಂಡರಿಸಿದರು.

ಮರುದಿನ ಕ್ರೀಮಣ್ಣ ನಿಯಮದ ಪುಸ್ತಕವನ್ನೇ ಬಗಲಲ್ಲಿ ಇಟ್ಟುಕೊಂಡು ಬಂದರು. ಏಳನೇ ಮೆಟ್ಟಿಲಿನ ಮಂತ್ರವಾದಿಗೆ ಸತ್ತವರನ್ನು ವಾಪಸ್ ಕರೆಯುವ ಶಕ್ತಿ ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ಅಂದಮೇಲೆ ಕೆಲಸ ಸುಲಭ: ಇಷ್ಟು ಮೆಟ್ಟಿಲು ಕೊಟ್ಟ ಅಕ್ಕ ಇನ್ನೊಂದು ಕೊಟ್ಟರೆ ಸಾಕು, ಭಾವ ಅಜ್ಜನನ್ನು ಎಬ್ಬಿಸುತ್ತಾರೆ, ಸೇತುವೆ ಮತ್ತೆ ಕಟ್ಟೋಣ, ಎಲ್ಲಾ ಮೊದಲಿನ ಹಾಗೆ. ಮಾವ ತಾವಾಗಿ ಕೇಳಲಿಲ್ಲ. ಆದರೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಕೇಳಿದ್ದಕ್ಕಿಂತ ಅದು ಜಾಸ್ತಿ. ಅತ್ತೆ ಇವತ್ತು ಆಟ ಬೇಡ, ತಲೆ ನೋವು ಎಂದು ಗಲ್ಲೆಗೆ ಹೋದರು.

ನಾನು ಆಮೇಲೆ ತಟ್ಟೆ ತೊಳೆಯುತ್ತಿರುವಾಗ ಅತ್ತೆ ಬಂದು ಪಕ್ಕದಲ್ಲಿ ನಿಂತು ಬ್ರೆಡ್ಡಿನ ಅಚ್ಚು ಉಜ್ಜತೊಡಗಿದರು. ಉಜ್ಜಿದ್ದನ್ನೇ ಉಜ್ಜುತ್ತಿದ್ದರು. ಕೊಟ್ಟರೆ ಆಟ ಉಳಿಯುತ್ತದೆ, ಅಜ್ಜನೂ ಉಳಿಯುತ್ತಾನೆ, ಕೊಡದಿದ್ದರೆ ಎರಡೂ ಹೋಗಬಹುದು ಎಂದರು. ಅಜ್ಜ ಬರೋದು ಬೇಡ ಅಂತ ನನಗಿದೆಯಾ ಎಂದು ತಮ್ಮನ್ನೇ ಕೇಳಿಕೊಂಡರು. ನೀನೇನು ಹೇಳ್ತೀ ಎಂದು ನನ್ನನ್ನು ಕೇಳಿ, ಎಂದಿನಂತೆ ಕಾದರು.

"ಕೊಟ್ರೆ ಅಜ್ಜ ಬರ್ತಾನೆ" ಎಂದೆ. "ಆದ್ರೆ ಎಷ್ಟು ಅಗಲ ಬೀಳುತ್ತೆ ಅಂತ ಮಾವ ಮುಂದೆಂದೂ ಕೇಳಲ್ಲ."

ಅತ್ತೆ ನಲ್ಲಿ ನಿಲ್ಲಿಸಿದರು. ಬೆಂಕಿ ಹಾಕಿದವರು ಅವರಾದರೂ ಅದನ್ನು ಕೈಗೆ ಕೊಟ್ಟವಳು ನಾನೇ ಕಣೆ ಎಂದರು. ಅಷ್ಟು ಹೇಳಿ ಒದ್ದೆ ಕೈಯಲ್ಲೇ ಒಳಗೆ ಹೋದರು.

ಅದರ ಮರುದಿನ ಮೇಜಿನ ಸುತ್ತ ಕೂತಾಗ ಅತ್ತೆ ಹೇಳಿದ್ದು ಇಷ್ಟು. ಕೊಟ್ಟ ಮೆಟ್ಟಿಲನ್ನು ಕಿತ್ತುಕೊಳ್ಳುವುದಿಲ್ಲ, ಆದದ್ದು ಆಗಿಹೋಯಿತು. ಆದರೆ ಏಳನೆಯದು ಅದರ ಕಾಲಕ್ಕೇ ಬರುತ್ತದೆ. ಅಷ್ಟು ಕಾಲ ಅಜ್ಜ ಸತ್ತೇ ಇರುತ್ತಾನೆ. ಇದು ಸರಿಬಾರದವರು ಎದುರು ಮಹಡಿಗೆ ಹೋದರೆ ನನಗೆ ಬೇಜಾರಿಲ್ಲ. ಕೊನೆಯ ಮಾತು ಸುಳ್ಳೆಂದು ಪೆನ್ಸಿಲನ್ನು ತಿರುಗಿಸುತ್ತಲೇ ಇದ್ದ ಅವರ ಕೈಬೆರಳುಗಳು ಹೇಳುತ್ತಿದ್ದವು. ಮನುಷ್ಯರು ತಮಗೆ ಬೇಕಾದದ್ದನ್ನು ಹೀಗೆ ಕೈಬಿಟ್ಟು ನಿಲ್ಲುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಕ್ರೀಮಣ್ಣ ಎದ್ದರು. ಸಿಟ್ಟಿನ ಮಾತೇನೂ ಆಡಲಿಲ್ಲ. ಗೋಡೆಯ ಬದಿಯ ತಮ್ಮ ಕೇಕಿನ ಮೇಜಿಗೆ ಹೋಗಿ, ನಮಗೆ ಬೆನ್ನು ಹಾಕಿ, ಯಾವುದೋ ಹುಟ್ಟುಹಬ್ಬದ ಕೇಕಿಗೆ ಹೂವು ಹಾಕುತ್ತಾ ಕೂತರು.

ಮೇಜಿನಲ್ಲಿ ನಾವು ಮೂವರು ಉಳಿದೆವು. ಈಗ ಏನು ಮಾಡ್ತೀರಿ ಎಂದು ಅತ್ತೆ ಕೇಳಿದರು. ಮಾವ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, ಸೇತುವೆ ಈಗ ಯಾರು ಕಾಯ್ತಾರೆ ಎಂದು ಕೇಳಿದರು.

ಯಾರೂ ಇಲ್ಲ ಎಂದರು ಅತ್ತೆ. ಸೇತುವೆಯೂ ಅರ್ಧವೇ ಇದೆ.

"ಹಾಗಾದ್ರೆ ನಾನು ಅಲ್ಲೇ ಕೂರ್ತೀನಿ."

ಬೆಂಕಿಮಳೆ ಸುರಿಸಬಲ್ಲ ಮಂತ್ರವಾದಿ ಮುದುಕನ ಗುಡಿಸಲಿನಲ್ಲಿ ಕೂತ. ಅಲ್ಲಿಂದಾಚೆಗೆ ಎಷ್ಟೋ ಮಧ್ಯಾಹ್ನ ನಮ್ಮ ಕಥೆ ಆ ಕಣಿವೆ ಬಿಟ್ಟು ಕದಲಲಿಲ್ಲ. ಬೇರೆಯವರಾಗಿದ್ದರೆ ಎರಡು ಮಾತಿನಲ್ಲಿ ಸೇತುವೆ ಕಟ್ಟಿಸಿ ಮುಂದೆ ಹೋಗುತ್ತಿದ್ದರೋ ಏನೋ. ಅತ್ತೆ ಒಂದು ಹಲಗೆಯನ್ನೂ ಸುಮ್ಮನೆ ಬಿಡಲಿಲ್ಲ. ಮರ ಎಲ್ಲಿಂದ, ಹೊತ್ತು ತರುವವರು ಯಾರು, ಗಂಟು ಹಾಕಲು ಬರುತ್ತದೆಯೇ ಎಂದು ಕೇಳಿದರು. ಗಂಟು ಹಾಕಲು ಮಂತ್ರವಾದಿಗೆ ಬರುವುದಿಲ್ಲ; ಹಗ್ಗದವಳು ಕಲಿಸಲಿ ಎಂದರು. ಪೊಟ್ಟಣ ಕಟ್ಟುವ ಹುರಿ ತಂದು ಮೇಜಿನ ಮೇಲೆ ನಿಜವಾಗಿಯೂ ಹಾಕಿ ತೋರಿಸಬೇಕಾಯಿತು. ನಾನು ದಿನವೂ ಹಾಕುವ ಗಂಟು ಅದು. ಮಾವನ ದಪ್ಪ ಬೆರಳಿಗೆ ಅದು ಸುಲಭಕ್ಕೆ ಒಗ್ಗಲಿಲ್ಲ. ಇನ್ನೊಂದ್ಸಲ ತೋರ್ಸಮ್ಮ ಎಂದು ನನ್ನೆದುರು ಮಗುವಿನ ಹಾಗೆ ಕೂತರು. ನಾನು ತೋರಿಸುತ್ತಾ ಮಾತಾಡುತ್ತಿದ್ದೇನೆಂದು ನನಗೆ ಗೊತ್ತಾದದ್ದು ಗಂಟು ಮುಗಿದ ಮೇಲೆ.

ಬೆಂಕಿಯನ್ನೂ ಅತ್ತೆ ಹೀಗೇ ಕಲಿಸಿದರು. ಕಣಿವೆಯ ಕೆಳಗೆ ಒಣಗಿದ ಕಲ್ಲುಹಾಸು. ಅಲ್ಲಿ ಬಿಟ್ಟು ನೋಡಿ ಎಂದರು. ಮಾವ ಬಿಟ್ಟರೆ, ಅತ್ತೆ ಒಂದು ಹಿಡಿ ಒಣ ಹಿಟ್ಟು ತೆಗೆದು ಮೇಜಿನ ಮೇಲೆ ಎರಚುತ್ತಿದ್ದರು. ಹಿಟ್ಟು ಬಿದ್ದ ಅಗಲವೇ ಬೆಂಕಿ ಬಿದ್ದ ಅಗಲ. ಮೊದಲ ಸಲ ಮೇಜು ತುಂಬಿ ನಮ್ಮ ಮಡಿಲಿಗೂ ಬಿತ್ತು. ದಾಳ ಉರುಳಿಸಿ, ಯೋಚಿಸಿ, ಉಸಿರು ಹೇಗೆ ಹಿಡಿಯುತ್ತೀರಿ, ಕೈ ಎಲ್ಲಿ ಇಡುತ್ತೀರಿ ಎಂಬುದಕ್ಕೆಲ್ಲ ಉತ್ತರ ಹೇಳಿ ಹೇಳಿ, ಆ ಹಿಟ್ಟು ಮೇಜಿನ ಅರ್ಧಕ್ಕೆ ಬಂತು, ತಟ್ಟೆಯಗಲ ಬಂತು, ಬನ್ನಿನಗಲ ಬಂತು. ಇಷ್ಟು ದಿನ ನಾನು ಶಕ್ತಿ ಬೆಳೆಯುವುದೆಂದರೆ ಹಿಗ್ಗುವುದೆಂದುಕೊಂಡಿದ್ದೆ. ಮಾವ ಅದನ್ನು ಕುಗ್ಗಿಸುವುದಕ್ಕೆ ಬೆವರುತ್ತಿದ್ದರು. ಅತ್ತೆ ಎಲ್ಲೂ ಹೊಗಳಲಿಲ್ಲ, ಎಲ್ಲೂ ಅವಸರ ಮಾಡಲಿಲ್ಲ. ಮೇಜು ಒರೆಸಿ, ಮತ್ತೆ ಒಂದು ಹಿಡಿ ಹಿಟ್ಟು ತೆಗೆಯುತ್ತಿದ್ದರು.

ನಡುನಡುವೆ ದಾರಿಹೋಕರು ಬರುತ್ತಿದ್ದರು. ಸುಂಕ ಮೊದಲಿನದೇ, ಒಂದು ಸುದ್ದಿ. ಗಂಡನ ಮನೆಯಿಂದ ತವರಿಗೆ ಹೊರಟವಳು, ಕುಂಟು ಕತ್ತೆಯ ಉಪ್ಪಿನವನು, ಯುದ್ಧ ಯಾವ ದಿಕ್ಕಿಗಿದೆಯೆಂದು ಮರೆತ ಸೈನಿಕ. ಒಬ್ಬೊಬ್ಬರಿಗೂ ಅತ್ತೆ ಬೇರೆ ದನಿ ಕೊಟ್ಟರು. ಅಂಗಡಿಯಲ್ಲಿ ಗಿರಾಕಿಯ ಮಾತು ಪೂರ್ತಿ ಕೇಳದೆ ಹೂಂ ಹೂಂ ಎನ್ನುವ ಮಾವ ಇಲ್ಲಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು.

ಕ್ರೀಮಣ್ಣನ ಬೆನ್ನು ಮೊದಮೊದಲು ಗೋಡೆಯ ಹಾಗಿತ್ತು. ಆಮೇಲೆ ಆ ಬೆನ್ನಿಗೆ ಕಿವಿ ಬಂತು. ಉಪ್ಪಿನವನು ತನ್ನ ಕತ್ತೆಯನ್ನು ಹೊಗಳುತ್ತಿದ್ದಾಗ ಕ್ರೀಮಿನ ಕೈ ಗಾಳಿಯಲ್ಲೇ ನಿಂತಿತು. ಅವನ ಮೂಟೆಯಲ್ಲಿ ಉಪ್ಪಲ್ಲ ಬೇರೆ ಏನೋ ಇದೆ, ಕೇಳಿ ಭಾವ ಎಂದು ಗೋಡೆಗೆ ಹೇಳಿದರು. ಆಡದವರು ಮಾತಾಡಬಾರದು ಎಂದರು ಮಾವ. ಅದಕ್ಕೆ ಕ್ರೀಮಣ್ಣ, ನಾನು ಕೇಕಿನ ಜೊತೆ ಮಾತಾಡಿಕೊಳ್ತಿದ್ದೀನಿ, ನಿಮಗೇನು ಎಂದರು. ಕೆಲವು ದಿನ ಕೇಕಿನ ಜೊತೆಯೇ ಮಾತಾಡಿದರು. ಆಮೇಲೆ ಕುರ್ಚಿ ಅರ್ಧ ತಿರುಗಿತು. ಕೊನೆಗೆ ಒಂದು ದಿನ ಅವರ ಕಳ್ಳ ರಾತ್ರಿ ಹೊತ್ತು ಸೇತುವೆ ದಾಟಲು ಬಂದು, ಸುಂಕದ ಸುದ್ದಿ ಹೇಳದೆ ನುಸುಳಲು ನೋಡಿ, ಮಾವನ ಕೈಗೆ ಸಿಕ್ಕಿಬಿದ್ದ. ಸಿಕ್ಕಿಬೀಳುವ ದಾಳ ಅದಲ್ಲ, ಬೇಕಂತಲೇ ಸಿಕ್ಕಿದರು ಎಂದು ನನಗನ್ನಿಸಿತು. ಅತ್ತೆ ಕ್ರೀಮಣ್ಣನ ರಟ್ಟನ್ನು ಯಾರೂ ಕೇಳದೆಯೇ ಮುಂದೆ ಸರಿಸಿದರು. ಅಷ್ಟು ದಿನವೂ ಅದು ಅತ್ತೆಯ ಏಪ್ರನ್ನಿನ ಜೇಬಿನಲ್ಲೇ ಇತ್ತು.

ಮತ್ತೆ ಚಳಿ ಬಂತು. ಕಥೆಯಲ್ಲೂ ಹಿಮ ಬಿತ್ತು. ಒಂದು ಮಧ್ಯಾಹ್ನ ಹಿಮದ ಬಿರುಗಾಳಿಯಲ್ಲಿ ಕುರಿಮಂದೆಯ ಸಮೇತ ಒಬ್ಬ ಕುರುಬ, ಅವನ ಹಿಂದೆ ಅವನ ಮೇಲೆ ದೂರು ಹೊತ್ತ ಒಬ್ಬ ಹೆಂಗಸು, ಇಬ್ಬರೂ ಸೇತುವೆಯ ನಡುವೆ ಸಿಕ್ಕಿಕೊಂಡರು. ಹಲಗೆಯ ಮೇಲೆಲ್ಲ ಹಿಮ. ಮುಂದೆ ಹೆಜ್ಜೆ ಇಟ್ಟರೆ ಜಾರುವುದು, ನಿಂತರೆ ಹೆಪ್ಪುಗಟ್ಟುವುದು. ಕ್ರೀಮಣ್ಣನೂ ನಾನೂ ಹಗ್ಗ ಹಾಕಲು ನೋಡಿದೆವು, ಗಾಳಿ ಬಿಡಲಿಲ್ಲ. ಮಾವ ಕಣ್ಣು ಮುಚ್ಚಿಕೊಂಡರು. ಬೆಂಕಿಮಳೆ ಎಂದರು.

ಎಲ್ಲಿ ಎಂದು ಅತ್ತೆ ಕೇಳಿದರು.

ಹಲಗೆಯಿಂದ ಹಲಗೆಗೆ ನಡುವೆ ಬಿಟ್ಟ ಸಂದಿನಲ್ಲಿ, ಒಂದೊಂದು ಹನಿ, ಕಡಲೆಯಷ್ಟೇ, ಹಿಮ ಕರಗಬೇಕು ಮರ ಬಿಸಿಯಾಗಬೇಕು ಹೊತ್ತಬಾರದು ಎಂದರು ಮಾವ. ಆ ಹಲಗೆಗಳನ್ನು ಕೂರಿಸಿದ್ದೇ ಅವರು. ಯಾವ ಸಂದು ಎಷ್ಟಿದೆ ಎಂದು ಕಣ್ಣು ಮುಚ್ಚಿಯೇ ಒಂದೊಂದಾಗಿ ಹೇಳುತ್ತಾ ಹೋದರು. ಅತ್ತೆ ಹಿಟ್ಟನ್ನು ಎರಚಲಿಲ್ಲ. ಎರಡು ಬೆರಳಲ್ಲಿ ಚಿಟಿಕೆ ಹಿಡಿದು, ಅವರು ಹೇಳಿದ ಜಾಗದಲ್ಲೆಲ್ಲ ಒಂದೊಂದು ಚುಕ್ಕಿ ಇಟ್ಟರು. ಮೇಜಿನ ಮೇಲೆ ಈ ತುದಿಯಿಂದ ಆ ತುದಿಗೆ ಬಿಳಿ ಚುಕ್ಕಿಗಳ ಸಾಲು. ದಾಳ ಉರುಳಿತು, ಸಾಧಾರಣ ಅಂಕಿ. ಸಾಕಾಯಿತು. ಕುರಿಗಳು ಮೊದಲು ದಾಟಿದವು, ಹಿಂದೆ ಸುಂಕದ ಸುದ್ದಿ ಹೇಳಿ ಕುರುಬ, ಕೊನೆಗೆ ಆ ಹೆಂಗಸು.

ಅತ್ತೆ ಸುಮ್ಮನಾದರು. ಆಮೇಲೆ ಕೈ ಚಾಚಿ ಮಾವನ ರಟ್ಟನ್ನು ತಮ್ಮ ಕಡೆ ಎಳೆದುಕೊಂಡರು. ಏಳು ಎಂದು ಬರೆಯಲು ಪೆನ್ಸಿಲ್ ಎತ್ತಿದರು. ಮಾವ ಅದರ ಮೇಲೆ ತಮ್ಮ ಕೈ ಇಟ್ಟರು.

"ಈಗ ಬೇಡ ಕಣೇ."

ಕ್ರೀಮಣ್ಣ ಬಾಯಿ ತೆರೆದವರು ಮುಚ್ಚಲಿಲ್ಲ. ಇದಕ್ಕೋಸ್ಕರ ತಾನೇ ಇಷ್ಟು ದಿನ ಕಾದದ್ದು, ಕೊಡುವಾಗ ತಗೊಳ್ಳಿ ಸ್ವಾಮಿ, ಇವತ್ತೇ ಅಜ್ಜನನ್ನು ಕರೆಯಬಹುದು ಎಂದರು.

ಮಾವ ನಿಧಾನಕ್ಕೆ ಹೇಳಿದರು. "ಕರೆದ್ರೆ ಬರ್ತಾರೆ. ಬಂದು ಮತ್ತೆ ಇದೇ ಚಳಿಯಲ್ಲಿ ಕೂರಬೇಕಲ್ಲ. ಬೇಕಾದಷ್ಟು ಕಾದಿದ್ದಾರೆ, ಮಲಗಲಿ ಬಿಡು. ಸೇತುವೆ ಈಗ ನಂದು." ಆಮೇಲೆ ಸ್ವಲ್ಪ ನಾಚಿಕೊಂಡವರ ಹಾಗೆ, ಈ ಮೆಟ್ಟಿಲಲ್ಲಿ ನನಗಿನ್ನೂ ಕೆಲಸ ಬಾಕಿ ಇದೆ ಎಂದು ಸೇರಿಸಿದರು. ಕುರುಬ ದಾಟುವಾಗ ಸುಂಕಕ್ಕೆ ಹೇಳಿದ ಸುದ್ದಿ ಅವರಿಗೆ ಪೂರ್ತಿ ನಿಜ ಅನಿಸಿರಲಿಲ್ಲ. ಆ ಹೆಂಗಸು ಅಳುತ್ತಾ ನಿಂತಿದ್ದಾಳೆ. ಅದನ್ನು ಬಗೆಹರಿಸಲು ಬೆಂಕಿಯೂ ಬೇಡ, ಏಳನೆಯದೂ ಬೇಡ.

ಅತ್ತೆ ಗಂಡನನ್ನು ನೋಡಿದರು. ಎಷ್ಟೋ ವರ್ಷದಿಂದ ಒಂದೇ ಓವನ್ನಿನ ಬಿಸಿಯಲ್ಲಿ ನಿಂತ ಇಬ್ಬರು ಒಬ್ಬರನ್ನೊಬ್ಬರು ಹೊಸದಾಗಿ ನೋಡುವುದು ಹೇಗಿರುತ್ತದೆಂದು ನನಗೆ ಅವತ್ತು ಗೊತ್ತಾಯಿತು. ಪೆನ್ಸಿಲನ್ನು ಕೆಳಗಿಟ್ಟು, ರಟ್ಟನ್ನು ಆರರಲ್ಲೇ ಹಿಂದಕ್ಕೆ ತಳ್ಳಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಅದು ಹಿಟ್ಟಿನ ಸೆರಗಾದ್ದರಿಂದ ಮೂಗಿನ ತುದಿ ಬಿಳಿಯಾಯಿತು. ಅದನ್ನು ಹೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಕ್ರೀಮಣ್ಣ ಎದ್ದುಹೋಗಿ ಹಿಟ್ಟಿನ ಬಟ್ಟೆ ಎತ್ತಿ ನೋಡಿ, ಇನ್ನೂ ಟೈಮಿದೆ ಎಂದು ಬಂದು ಕೂತರು. ಅತ್ತೆ ಗಂಟಲು ಸರಿಮಾಡಿಕೊಂಡು ಕುರುಬನ ಒರಟು ದನಿ ತೆಗೆದರು: ನಾನು ಹೇಳಿದ್ದೆಲ್ಲ ನಿಜವೇ ಯಜಮಾನ್ರೇ, ನನ್ನನ್ನು ಬಿಡಿ, ಕತ್ತಲಾಗುತ್ತೆ, ಕುರಿ ಹಸಿದಿವೆ.

ಮಾವ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಕುರಿಗೆ ಗುಡಿಸಲಲ್ಲಿ ಹುಲ್ಲಿದೆ. ನೀನು ಕೂತ್ಕೊ. ಮೊದಲಿಂದ ಹೇಳು."